ಬಿಸಿ ರೊಟ್ಟಿ ಕೇಳಿ ಬಂದವರು

ಮಗಳ ಚೊಚ್ಚಲ ಹೆರಿಗೆ ತವರುಮನೆಯಲ್ಲೇ ಆಗಬೇಕು. ನಮ್ಮ ಭಾಗದಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮಗಳು ಬಸುರಿ ಎಂಬ ಸುದ್ದಿ ಬಂದ ದಿನ ತಾಯಿ ಹಿಗ್ಗುತ್ತಾಳೆ, ತಂದೆ ಖರ್ಚಿನ ಚಿಂತೆಗೆ ಬೀಳುತ್ತಾನೆ. ತುಪ್ಪ ಬೇಕು, ಒಣಕೊಬ್ಬರಿ ಬೇಕು, ಅಂಟಿನ ಉಂಡೆ ಕಟ್ಟಬೇಕು, ಸೋರುವ ಮಾಳಿಗೆಗೆ ಮಣ್ಣು ಹಾಕಿಸಬೇಕು. ಬರುವ ಕೂಲಿಯೋ ಅಂದಂದಿನ ಹೊಟ್ಟೆಗೇ ಸರಿಹೋಗುತ್ತದೆ.

ಶಹಾಬಾದಿನ ಅಂಬಾರಾಯನ ಮನೆಯಲ್ಲೂ ಹೀಗೇ ಆಯಿತು. ಅದು ನಿಜಾಮರ ಆಳ್ವಿಕೆಯ ಕಾಲ. ಅಂಬಾರಾಯ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದ. ಪದರಿನ ಸಂದಿಗೆ ಹಾರೆ ಇಟ್ಟು, ಎಲ್ಲೂ ಬಿರುಕು ಬಾರದಂತೆ ಅಗಲವಾದ ಹಾಸುಗಲ್ಲನ್ನು ಎಬ್ಬಿಸುವುದರಲ್ಲಿ ಅವನದು ಒಳ್ಳೆಯ ಕೈ. ಹೆಂಡತಿ ರತ್ನಾಬಾಯಿಯ ರೊಟ್ಟಿಗೆ ಓಣಿಯಲ್ಲೆಲ್ಲ ಹೆಸರಿತ್ತು. ಒಬ್ಬಳೇ ಮಗಳು ನೀಲಾಬಾಯಿಯನ್ನು ಸೇಡಂಗೆ ಕೊಟ್ಟಿದ್ದರು. ಬೇಸಿಗೆ ಮುಗಿಯುವುದರೊಳಗೆ ಅವಳನ್ನು ಕರೆತರಬೇಕಿತ್ತು.

ಆ ದಿನಗಳಲ್ಲಿ ಚಿಂಚೋಳಿ ಕಡೆಯ ಎಷ್ಟೋ ಗಂಡಸರು ಗಣಿ ಕೆಲಸಕ್ಕೆಂದು ಶಹಾಬಾದಿಗೆ ಬಂದು ಗುಡಿಸಲು ಹಾಕಿಕೊಂಡಿದ್ದರು. ಹೆಂಡಿರು ಮಕ್ಕಳು ಊರಲ್ಲಿ. ಊರಿಗೆ ಹೋದಾಗ ಕಟ್ಟಿಸಿಕೊಂಡು ಬಂದ ರೊಟ್ಟಿಯನ್ನೇ ನೀರಲ್ಲಿ ನೆನೆಸಿ ತಿನ್ನುತ್ತಿದ್ದರು. ಅವರಲ್ಲಿ ಭೀಮಶಾ ಎಂಬವನು ಒಂದು ಬೆಳಿಗ್ಗೆ ಇನ್ನಿಬ್ಬರನ್ನು ಕರೆದುಕೊಂಡು ಅಂಬಾರಾಯನ ಬಾಗಿಲಿಗೆ ಬಂದ.

"ಅವ್ವಾರ, ನಮ್ಮ ರೊಟ್ಟಿ ಕಲ್ಲಿನಂಗ ಆಗ್ಯಾವ. ಜ್ವಾಳ ನಾವು ತಂದ ಕೊಡ್ತೀವಿ. ನೀವು ಬೀಸಿ, ಬಿಸಿ ರೊಟ್ಟಿ ಬಡದ ಕೊಡ್ರಿ. ನಿಮ್ಮ ಮೆಹನತ್ತಿಗಿ ಏನ್ ಆಗ್ತದ ಅದು ತಗೋರಿ."

ರತ್ನಾಬಾಯಿಯ ಮುಖ ಅರಳಿತು. ಅವಳು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅಂಬಾರಾಯ ಬಂದ.

"ಅನ್ನ ಮಾರಾಕ ನಮ್ಮನಿ ಖಾನಾವಳಿ ಅಲ್ಲ ಭೀಮಶಾ. ಹಸದ ಬಂದೀರೇನು? ಬರ್ರಿ, ಕುಂದ್ರಿ, ಉಂಡ ಹೋಗ್ರಿ. ರೊಕ್ಕದ ಮಾತು ಬ್ಯಾಡ."

"ಒಂದಿನ ಉಣಬಹುದು ಅಣ್ಣಾ. ದಿನಾ ಪುಕ್ಕಟ್ಟೆ ಉಣ್ಣಾಕ ನಮಗೂ ನಾಚಿಕಿ ಆಗ್ತದ" ಎಂದ ಭೀಮಶಾ. ಮೂವರೂ ಹೊರಟುಹೋದರು.

ಪಕ್ಕದ ಮನೆಯ ಜಾನಬಿ ಇದೆಲ್ಲವನ್ನೂ ಕಟ್ಟೆಯ ಮೇಲೆ ಹಳೆಯ ಬಟ್ಟೆಗಳ ಕೌದಿ ಹೊಲಿಯುತ್ತ ಕೇಳಿಸಿಕೊಂಡಿದ್ದಳು. ಗಂಡ ತೀರಿಕೊಂಡ ಮೇಲೆ ಜಾನಬಿ ಊರವರಿಗೆ ಕೌದಿ ಹೊಲಿದು ಕೊಡುತ್ತಿದ್ದಳು. ಪರದೆಯಲ್ಲಿರುವ ಹೆಣ್ಣುಮಕ್ಕಳಿಗೆ ಬಜಾರಿನಿಂದ ದಾರ, ಸಾಬೂನು, ಬಳೆ ತಂದು ಕೊಡುತ್ತಿದ್ದಳು. ಅದರಲ್ಲೇ ಅವಳ ಬದುಕು ನಡೆದಿತ್ತು. ಸಂಜೆ ರತ್ನಾಬಾಯಿ ಅವಳ ಹತ್ತಿರ ಹೋಗಿ ಕುಳಿತಳು.

"ಆಪಾ, ನೀ ಆದ್ರ ಏನ್ ಮಾಡ್ತಿದ್ದಿ?"

"ನಾ ಆದ್ರ ನಾಳಿಂದನೇ ಒಲಿ ಹಚ್ತಿದ್ದೆ. ನೋಡು ವೈನಿ, ಇದಕ್ಕ ಬಂಡವಾಳ ಬೇಕಿಲ್ಲ. ಒಲಿ ಅದಾ, ಹಂಚು ಅದಾ, ಬೀಸೋಕಲ್ಲು ಅದಾ. ಜ್ವಾಳ ಅವರದು. ಕಟಗಿ ಯಾರದು, ರೊಟ್ಟಿ ಹೊತ್ತು ಒಯ್ಯೋರು ಯಾರು, ಇಷ್ಟು ಮೊದಲೇ ಮಾತಾಡ್ಕೋಬೇಕು. ಆಮ್ಯಾಲ ಮನಸು ಮುರೀಬಾರದು. ನೀರು ಸ್ವಚ್ಛ ಇರಬೇಕು, ಹೊತ್ತಿಗಿ ಸರಿ ಕೊಡಬೇಕು. ಇಷ್ಟೇ."

"ನಮ್ಮನಿಯವರು ಒಪ್ಪಬೇಕಲ್ಲ?"

ಜಾನಬಿ ಸೂಜಿ ಕೆಳಗಿಟ್ಟು, ಅಂಬಾರಾಯ ಗಣಿಯಿಂದ ಬರುವುದನ್ನೇ ಕಾದಳು. ಅವನು ಬಂದು ಕೈಕಾಲು ತೊಳೆದ ಮೇಲೆ ತಾನೇ ಮಾತು ತೆಗೆದಳು.

"ಅಣ್ಣಾ, ಆ ಮಂದಿಗಿ ರೊಟ್ಟಿ ಬೇಕು, ನಿಮಗ ಬಾಣಂತನದ ಫಿಕರ್ ಅದಾ. ಇಬ್ಬರದೂ ಕೆಲಸ ಆಗ್ತದಲ್ಲ?"

"ನಾಳಿ ಮಂದಿ ಏನಂತಾರ ಜಾನಬಿ? ಅಂಬಾರಾಯನ ಕೈಲಿ ಆಗಲಿಲ್ಲ, ಹೆಂಡ್ತಿ ಕೈಲಿ ಕೂಲಿ ಮಾಡಸ್ಯಾನ ಅಂತಾರ."

"ನಾ ಮಂದಿ ಕೌದಿ ಹೊಲೀತೀನಿ. ನನ್ನ ಇಜ್ಜತ್ ಹೋಗ್ಯಾದೇನು?"

"ನಿಂದು ಬ್ಯಾರೆ. ನಿನಗ ದುಡದ ಹಾಕೋರು ಇಲ್ಲ" ಎಂದುಬಿಟ್ಟ ಅಂಬಾರಾಯ. ಅಂದ ಮೇಲೆ ಅವನಿಗೇ ಕಸಿವಿಸಿಯಾಯಿತು. ಜಾನಬಿ ಸಿಟ್ಟಾಗಲಿಲ್ಲ.

"ನಮ್ಮನಿಯವರು ಹೋದ ಮ್ಯಾಲ ಕಲತೆ ಅಣ್ಣಾ. ಅವರು ಇದ್ದಾಗನೇ ಕಲತಿದ್ರ ಅವರು ಅಷ್ಟು ಗುದ್ದಾಡತಿರಲಿಲ್ಲ. ಅದಕ್ಕೇ ಹೇಳಾಕತ್ತೀನಿ."

ಅಂಬಾರಾಯ ಎದ್ದು ಒಳಗೆ ಹೋದ. ಮಾರನೆಯ ದಿನದಿಂದ ಅವನು ಇನ್ನೊಂದು ಕೆಲಸ ಹಿಡಿದ. ಹಗಲೆಲ್ಲ ಗಣಿಯಲ್ಲಿ ದುಡಿದು, ಸಂಜೆ ಸ್ಟೇಷನ್ನಿನ ಬಳಿ ರೈಲು ಡಬ್ಬಿಗೆ ಹಾಸುಗಲ್ಲು ಏರಿಸಲು ಹೋಗುತ್ತಿದ್ದ. ಮನೆಗೆ ಬಂದರೆ ಉಣ್ಣುತ್ತ ಕುಳಿತಲ್ಲೇ ಕಣ್ಣು ಮುಚ್ಚುತ್ತಿದ್ದವು.

"ಏನ್ರೀ, ಹಿಂಗಾದ್ರ ಮೈ ಉಳೀತದೇನು? ಭೀಮಶಾಗ ಹೂಂ ಅಂತೀನಿ" ಎಂದಳು ರತ್ನಾಬಾಯಿ.

"ಇನ್ನ ಸ್ವಲ್ಪ ದಿನ. ಮಗಳ ಬಾಣಂತನ ನನ್ನ ದುಡಕೀಲೇ ಆಗ್ಲಿ."

ಅವಳು ಸುಮ್ಮನಾದಳು. ಗಂಡ ಮಗಳಿಗಾಗಿಯೇ ಅಷ್ಟು ದುಡಿಯುತ್ತಿರುವಾಗ ಹೇಗೆ ಜಗಳ ಮಾಡುವುದು? ಆಗ ಸುಮ್ಮನಾದದ್ದಕ್ಕೆ ಅವಳು ಮುಂದೆ ಬಹಳ ನೊಂದುಕೊಂಡಳು.

ಸೇಡಂಗೆ ಹೋಗಿ ಮಗಳನ್ನು ಕರೆತರುವ ದಿನ ಗೊತ್ತಾಗಿತ್ತು. ಇನ್ನೇನು ಹೊರಡಬೇಕು ಅನ್ನುವಾಗ, ಒಂದು ಸಂಜೆ ಭೀಮಶಾ ಏದುಸಿರು ಬಿಡುತ್ತ ಓಡಿ ಬಂದ. ಕಲ್ಲು ಏರಿಸುವಾಗ ಅಂಬಾರಾಯನ ಕಾಲು ತಡವರಿಸಿತ್ತು. ಜೊತೆಯವರು ಕೂಗುವುದರೊಳಗೆ ಹಾಸುಗಲ್ಲು ಜಾರಿ, ಅವನ ಬಲಗೈ ಕಲ್ಲಿಗೂ ಡಬ್ಬಿಯ ಅಂಚಿಗೂ ನಡುವೆ ಸಿಕ್ಕಿತ್ತು.

ಕಲಬುರಗಿಯ ದವಾಖಾನೆಗೆ ಒಯ್ದರು. ಹೆಬ್ಬೆರಳು ಒಂದು ಉಳಿಯಿತು. ಉಳಿದ ಬೆರಳುಗಳನ್ನು ಡಾಕ್ಟರರು ತೆಗೆಯಬೇಕಾಯಿತು. ರತ್ನಾಬಾಯಿ ಗಂಡನ ಮಂಚದ ಪಕ್ಕ ನೆಲದ ಮೇಲೇ ಇದ್ದುಬಿಟ್ಟಳು. ಮಗಳನ್ನು ಕರೆತರುವವರು ಯಾರು? ಬಂದರೂ ನೋಡಿಕೊಳ್ಳುವವರು ಯಾರು?

ನೀಲಾಬಾಯಿಗೆ ಸೇಡಂನಲ್ಲೇ, ಅತ್ತೆಯ ಮನೆಯಲ್ಲೇ ಹೆರಿಗೆಯಾಯಿತು. ಗಂಡು ಕೂಸು. ಅತ್ತೆ ಒಳ್ಳೆಯವಳು, ಕೊರತೆ ಮಾಡಲಿಲ್ಲ. ಆದರೂ ನೋವು ಬಂದಾಗೆಲ್ಲ ಹುಡುಗಿ "ಅವ್ವಾ, ಅವ್ವಾ" ಎಂದು ಕೂಗಿದಳಂತೆ. ಆ ಸುದ್ದಿಯನ್ನು ದವಾಖಾನೆಗೆ ತಂದವಳು ಜಾನಬಿ. ಕೇಳಿ ರತ್ನಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಅಂಬಾರಾಯ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ.

ಊರಿಗೆ ಮರಳಿದ ಮೇಲೆ ಅಂಬಾರಾಯ ಹೊರಗೆ ಹೋಗುವುದನ್ನೇ ಬಿಟ್ಟ. ಗಣಿಯವರು ಒಂದಷ್ಟು ದಿನ ಬಂದು ವಿಚಾರಿಸಿದರು, ಆಮೇಲೆ ಅವರವರ ಕೆಲಸಕ್ಕೆ ಹೋದರು. ಒಂದು ಬೆಳಿಗ್ಗೆ ಭೀಮಶಾ ಮತ್ತೆ ಬಂದ. ಅವನ ಹೆಗಲ ಮೇಲೆ ಜೋಳದ ಚೀಲವಿತ್ತು. ಆದರೆ ಕೇಳಲು ಅಂಜಿ ಬಾಗಿಲಲ್ಲೇ ನಿಂತ.

ಅಂಬಾರಾಯನೇ ಮಾತಾಡಿಸಿದ.

"ಒಳಗ ಬಾ ಭೀಮಶಾ. ಚೀಲ ಇಳಸು."

"ಅಣ್ಣಾ, ನೀವು ಬ್ಯಾಡ ಅಂದ್ರ..."

"ಬ್ಯಾಡ ಅಂದದ್ದು ನನ್ನ ಸೊಕ್ಕು. ಅದನ್ನ ಆವತ್ತೇ ಬಿಟ್ಟಿದ್ರ ಈ ಕೈ ಇರ್ತಿತ್ತು. ನನ್ನ ಮಗಳು ಇದೇ ಮನ್ಯಾಗ ಹಡೀತಿದ್ಳು." ಅವನು ಹೆಂಡತಿಯ ಕಡೆ ತಿರುಗಿದ. "ರತ್ನಾ, ಇವರ ಜ್ವಾಳ ಅಳದ ತಗೋ. ಕಟಗಿದು ಏನು, ಒಯ್ಯೋದು ಯಾರು, ಎಲ್ಲಾ ಈಗೇ ಮಾತಾಡ್ಕೊ. ಜಾನಬೀನ್ನೂ ಕರಿ."

ರತ್ನಾಬಾಯಿ ಒಲೆ ಹಚ್ಚಿದಳು. ಮೊದಲು ಭೀಮಶಾನ ಗುಡಿಸಲಿನವರಿಗಷ್ಟೇ ರೊಟ್ಟಿ, ಪುಂಡಿಪಲ್ಯ. ಬಿಸಿ ರೊಟ್ಟಿಯ ಮಾತು ಗಣಿಯಲ್ಲಿ ಹಬ್ಬಿದ ಮೇಲೆ ಇನ್ನೂ ಕೆಲವರು ಬಂದರು. ಬೀಸುವುದಕ್ಕೆ ಓಣಿಯ ಹಣಮಮ್ಮನಿಗೂ ಕೆಲಸ ಸಿಕ್ಕಿತು. ಅಂಬಾರಾಯ ಎಡಗೈಯಲ್ಲಿ ಹಿಟ್ಟು ಸಾಣಿಸುವುದನ್ನು ಕಲಿತ. ಮಧ್ಯಾಹ್ನ ರೊಟ್ಟಿಯ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ತಾನೇ ಗಣಿಗೆ ಒಯ್ಯತೊಡಗಿದ. ಅವನು ಅಂಜಿದ್ದ ಮಂದಿ ಏನೂ ಅನ್ನಲಿಲ್ಲ. "ಇವತ್ತು ಪಲ್ಯಾ ಏನದಾ ಅಂಬಾರಾಯಣ್ಣಾ?" ಎಂದಷ್ಟೇ ಕೇಳಿದರು. ಅದನ್ನು ಕೇಳಿದಾಗೆಲ್ಲ ಅವನಿಗೆ ಇನ್ನಷ್ಟು ಸಂಕಟವಾಗುತ್ತಿತ್ತು. ಇಷ್ಟಕ್ಕಾಗಿಯೇ ಹೆದರಿದೆನೇ ಎಂದುಕೊಳ್ಳುತ್ತಿದ್ದ.

ಮನೆ ನಡೆಯಿತು. ಮಾಳಿಗೆಗೆ ಮಣ್ಣು ಬಿತ್ತು. ತುಪ್ಪದ ಗಡಿಗೆಯೂ ಬಂತು. ಆಗ ನೀಲಾಬಾಯಿ ಕೂಸನ್ನು ಎತ್ತಿಕೊಂಡು ತವರಿಗೆ ಬಂದಳು. ಅಷ್ಟೊತ್ತಿಗೆ ಕೂಸು ಕುತ್ತಿಗೆ ನಿಲ್ಲಿಸಿ, ಮಗ್ಗಲು ಹೊರಳಿ, ಕೂರಲು ಕಲಿತಾಗಿತ್ತು. ಹಸುಗೂಸಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಹಾಕಿಕೊಂಡು ಎರೆಯುವ ಭಾಗ್ಯ ರತ್ನಾಬಾಯಿಗೆ ಸಿಗಲಿಲ್ಲ.

ಅಂಬಾರಾಯ ಮೊಮ್ಮಗನನ್ನು ಎತ್ತಿಕೊಳ್ಳಲು ಎರಡೂ ಕೈ ಚಾಚಿದ. ಬಲಗೈ ನೋಡಿ ಕೂಸು ಬೆದರಿ ಅಳತೊಡಗಿತು. ಅವನು ಕೈಯನ್ನು ಧೋತರದ ಮರೆಗೆ ಎಳೆದುಕೊಂಡ.

"ನಿನ್ನ ಬಾಣಂತನಕ್ಕ ಏನೂ ಕಡಿಮಿ ಆಗಬಾರದು ಅಂತ ಕಲ್ಲು ಏರಸಾಕ ಹೋದೆ ಮಗಳೇ" ಎಂದ.

ನೀಲಾಬಾಯಿ ತಂದೆಯ ಆ ಕೈಯನ್ನೇ ಹೊರತೆಗೆದು ತನ್ನ ಕೈಯಲ್ಲಿ ಹಿಡಿದುಕೊಂಡಳು.

"ಅಪ್ಪಾ, ನಾ ತುಪ್ಪಾ ಕೇಳಿದ್ನೇನು? ಅವ್ವ ಬಾಜೂಕ ಇದ್ರ ಸಾಕಿತ್ತು. ನೀ ಹೊರಗ ಕಟ್ಟಿ ಮ್ಯಾಲ ಕುಂತೀದಿ ಅಂತ ಗೊತ್ತಿದ್ರ ಸಾಕಿತ್ತು."



ಈ ಕಥೆ ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಓಣಿಯನ್ನೊಮ್ಮೆ ನೋಡಿ. ಒಬ್ಬರಿಗೆ ಬಿಸಿ ಊಟ ಬೇಕು. ಇನ್ನೊಬ್ಬರಿಗೆ ಹರಿದ ಬಟ್ಟೆ ಹೊಲಿದು ಕೊಡುವವರು ಬೇಕು. ಮುಪ್ಪಾದವರಿಗೆ ಸಂತೆಯಿಂದ ಸಾಮಾನು ತಂದು ಕೊಡುವವರು ಬೇಕು, ಬಾಣಂತಿಗೆ ನೀರು ಕಾಸಿ ಕೊಡುವವರು ಬೇಕು. ನಿಮ್ಮ ಕೈಗೆ ಬರುವ ಕೆಲಸ ಅವುಗಳಲ್ಲಿ ಯಾವುದಾದರೂ ಇದ್ದೀತು. ಏನು ಕೊಡುತ್ತೀರಿ, ಏನು ತೆಗೆದುಕೊಳ್ಳುತ್ತೀರಿ ಎಂಬುದನ್ನು ಮೊದಲೇ ಬಾಯಿಬಿಟ್ಟು ಮಾತಾಡಿಕೊಳ್ಳಿ. ಸ್ವಚ್ಛವಾಗಿ, ಹೊತ್ತಿಗೆ ಸರಿಯಾಗಿ ಮಾಡಿ. ನೆರವಾಗಿ ಕೂಲಿ ಪಡೆಯುವುದರಲ್ಲಿ ನಾಚಿಕೆಯಿಲ್ಲ.

ಮನೆಯ ಗಂಡಸರಿಗೆ ಇನ್ನೊಂದು ಮಾತು. ಹೆಂಡತಿ "ಇದು ನನ್ನಿಂದ ಆಗುತ್ತದೆ" ಎಂದಾಗ ಮಂದಿಯ ಬಾಯಿಗೆ ಹೆದರಿ ಬೇಡ ಎನ್ನಬೇಡಿ. ಎಲ್ಲ ಭಾರವನ್ನೂ ಒಬ್ಬರೇ ಹೊರಲು ಹೋಗಬೇಡಿ. ಇವತ್ತು ಉಣ್ಣಲು ಕುಳಿತಾಗ ಈ ಮಾತನ್ನು ಮನೆಯಲ್ಲಿ ತೆಗೆಯಿರಿ. ಅಂಬಾರಾಯ ಒಪ್ಪಿದ. ಆದರೆ ಕೈ ಹೋದ ಮೇಲೆ ಒಪ್ಪಿದ. ನೀವು ಕೈ ಇರುವಾಗಲೇ ಒಪ್ಪಿ.