ಹತ್ತು ಗಂಟೆಯ ಫೋನು

"ಗೆರೆ ದಾಟೇ ಬಿಡ್ತು, ಸಾರ್!" ಎಂದು ರೇಡಾರಿನ ಮುಂದೆ ಕೂತಿದ್ದವನು ಕುರ್ಚಿ ಬಿಟ್ಟು ಎದ್ದ.

ಗೆರೆಯೆಂದರೆ ಸಮುದ್ರದ ಮೇಲಿನ ಗಡಿ. ದಾಟಿದ್ದು ಆರು ಜನರಿದ್ದ ಒಂದು ಮೀನುಗಾರರ ದೋಣಿ. ಎಂಜಿನ್ ಕೆಟ್ಟಿದೆ, ಸೆಳೆತಕ್ಕೆ ಸಿಕ್ಕಿದ್ದೇವೆ ಎಂದು ವೈರ್‌ಲೆಸ್ಸಿನಲ್ಲಿ ಒಂದು ಸಲ ಹೇಳಿ ಸುಮ್ಮನಾಗಿತ್ತು. ಆ ದನಿ ಯಾರದೆಂದು ಮೂಲೆಯ ಮೇಜಿನ ಮುಂದಿದ್ದ ದುಭಾಷಿಗೆ ಗೊತ್ತಿತ್ತು. ಅವಳ ಒಡಹುಟ್ಟಿದ ತಮ್ಮನದು. ಆದರೂ ಟೈಪ್ ಮಾಡುವುದನ್ನು ನಿಲ್ಲಿಸಲಿಲ್ಲ. ಬೆರಳುಗಳು ಏನು ಹೊಡೆಯುತ್ತಿದ್ದವೋ ದೇವರೇ ಬಲ್ಲ.

ಈ ಕರಾವಳಿ ಕಾವಲು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವಳದು ಒಂದೇ ಕೆಲಸ. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಆಚೆ ದೇಶದ ಕಚೇರಿಗೆ ಫೋನು ಮಾಡಿ, ಅವತ್ತು ನೀರಿಗಿಳಿದ ನಮ್ಮ ದೋಣಿಗಳ ನಂಬರನ್ನೂ ಒಳಗಿರುವ ಜನರ ಲೆಕ್ಕವನ್ನೂ ಅವರ ಭಾಷೆಯಲ್ಲಿ ಓದಬೇಕು, ಅವರದನ್ನು ಬರೆದುಕೊಳ್ಳಬೇಕು. ಆಚೆ ಫೋನು ಎತ್ತುವವನೂ ಅಷ್ಟೂ ವರ್ಷ ಅದೇ ಮನುಷ್ಯ. ಒಬ್ಬರ ಮುಖ ಒಬ್ಬರು ಕಂಡಿಲ್ಲ. ಮೊದಮೊದಲು ಬಿಗುಮಾನದಿಂದ ಮಾತಾಡುತ್ತಿದ್ದವನು ಈಗೀಗ 'ತಂಗಿ' ಅನ್ನುತ್ತಿದ್ದ.

ಆಗೆಲ್ಲ ಆಚೆಯವರೂ ನಮ್ಮ ಹಾಗೇ ಕೈ ಹಿಡಿದು ಖರ್ಚು ಮಾಡುವವರು. ಆಮೇಲೆ ಬೆಳೆದರು ನೋಡಿ, ವರ್ಷಕ್ಕೊಂದು ಯುದ್ಧನೌಕೆ ಇಳಿಸತೊಡಗಿದರು. ತೀರಾ ಸಣ್ಣದೂ ಅನ್ನಲಾಗದ, ದೊಡ್ಡದೂ ಅನ್ನಲಾಗದ ನಮ್ಮ ದೇಶದ ರಾಜಧಾನಿಯಲ್ಲಿ ನಿದ್ದೆ ಕೆಟ್ಟಿತು. ಹೊಸ ರಕ್ಷಣಾ ನೀತಿಯ ಕರಡು ತಯಾರಾಯಿತು. ಎರಡು ನೌಕೆ ಕೊಳ್ಳಬೇಕು, ಆರು ರೇಡಾರು ಹಾಕಬೇಕು, ದೋಣಿಗಳಿಗೆಲ್ಲ ಹೊಸ ನಂಬರು ಬರೆಸಬೇಕು. ಹನ್ನೊಂದನೇ ಅಂಶದಲ್ಲಿ ಹತ್ತು ಗಂಟೆಯ ಫೋನು ಬಂದ್ ಅಂತಿತ್ತು. ದಿನಾ ಮಾತಾಡಿದರೆ ಹೆದರಿದವರ ಹಾಗೆ ಕಾಣುತ್ತದಂತೆ! ಅದನ್ನು ಬರೆದ ಅಧಿಕಾರಿ ಮೂರು ದಿನದಿಂದ ಇಲ್ಲೇ ಠಿಕಾಣಿ ಹೂಡಿದ್ದ. ಇಸ್ತ್ರಿ ಕೆಡದ ಅಂಗಿ, ಸದಾ ಎದೆಗವಚಿದ ಚರ್ಮದ ಚೀಲ. "ಕಂಕುಳಿಂದ ಇಳಿಸಿದ್ರೆ ಮಗು ಅಳುತ್ತೇನೋ" ಎಂದು ರೇಡಾರಿನವನು ಬೆನ್ನ ಹಿಂದೆ ನಗುತ್ತಿದ್ದ.

ಈಗ ಅವನ ನಗುವೆಲ್ಲ ಇಂಗಿತ್ತು. "ಅವರ ದೊಡ್ಡ ನೌಕೆ ದೋಣಿ ಕಡೆ ತಿರುಗಿತು, ಸಾರ್."

ಅಧಿಕಾರಿ ರೇಡಾರಿನತ್ತ ಧಾವಿಸಿದ. "ಪಹರೆ ಬೋಟು ಕಳ್ಸಿ. ಗನ್ ರೆಡಿ ಇಟ್ಕೊಂಡೇ ಹೋಗ್ಲಿ."

"ಗನ್ ಹಿಡ್ಕೊಂಡು ಗೆರೆ ದಾಟಿದ್ರೆ ಅವರು ನೋಡ್ಕೊಂಡು ಸುಮ್ನಿರ್ತಾರಾ ಸಾರ್?" ದುಭಾಷಿ ಎದ್ದು ನಿಂತಳು. "ಪಟ್ಟೀಲಿರೋ ದೋಣಿ ದಾರಿ ತಪ್ಪಿದ್ರೆ ಅವರು ಮೊದಲು ಫೋನ್ ಮಾಡಿ ಕೇಳೋರು. ಇವತ್ತು ಯಾಕೆ ಕೇಳಲಿಲ್ಲ?"

ಬೆಳಿಗ್ಗೆ ತಾನು ಓದಿದ ಪಟ್ಟಿಯನ್ನು ತಿರುಗಿಸಿ ನೋಡಿದಳು. ಥಟ್ಟನೆ ಹೊಳೆಯಿತು. ಕರಡಿಗೆ ಒಪ್ಪಿಗೆ ಸಿಗುವ ಮೊದಲೇ, ದೋಣಿಗಳಿಗೆ ಹೊಸ ನಂಬರು ಬಳಿಯುವ ಕೆಲಸ ನಿನ್ನೆ ಸಂಜೆ ಮುಗಿದಿತ್ತು. ಅವಳ ಕೈಯಲ್ಲಿದ್ದದ್ದು ಹಳೇ ಪಟ್ಟಿ.

"ಸಾರ್, ಹೊಸ ನಂಬರಿನ ಪಟ್ಟಿ ಎಲ್ಲಿ?"

ಅಧಿಕಾರಿಯ ಕೈ ಚೀಲವನ್ನು ಇನ್ನಷ್ಟು ಅವಚಿತು. "ಅದು ಗುಪ್ತ ಕಾಗದ, ಮೇಡಂ."

"ಗುಪ್ತಾನಾ! ದೋಣಿಯ ಎರಡೂ ಮಗ್ಗುಲಿಗೆ ಮೊಳದುದ್ದ ಬರೆಸಿದೀರಲ್ಲ ಸಾರ್, ಅದ್ಯಾವ ಸೀಮೆ ಗುಪ್ತ? ನಾನು ಓದಿದ್ದು ಒಂದು ನಂಬರು, ಅವರ ಕಣ್ಣಿಗೆ ಬಿದ್ದಿರೋದು ಇನ್ನೊಂದು. ಕಳ್ಳದೋಣಿ ಅಂದ್ಕೊಂಡಿದಾರೆ. ನಾನೇ ಫೋನ್ ಮಾಡ್ತೀನಿ, ಐದು ನಿಮಿಷ ಕೊಡಿ."

"ಹತ್ತು ಗಂಟೆ ಆಗಿಹೋಯ್ತು. ಈಗ ಯಾರು ಎತ್ತುತ್ತಾರೆ?"

"ನನ್ನ ತಮ್ಮ ಇದಾನೆ ಸಾರ್ ಅದರಲ್ಲಿ" ಎಂದಳು.

ಅಧಿಕಾರಿ ಅವಳನ್ನು ನೋಡಿದ, ರೇಡಾರಿನ ಪರದೆಯನ್ನು ನೋಡಿದ. ಆಮೇಲೆ ಚೀಲ ತೆಗೆದು ಪಟ್ಟಿಯನ್ನು ಅವಳ ಮುಂದಿಟ್ಟ.

ಎಂಟು ಸಲ ರಿಂಗಾಯಿತು. ಒಂಬತ್ತನೆಯದಕ್ಕೆ ಆ ಪರಿಚಯದ ದನಿ ಬಂತು. "ತಂಗಿ? ಈ ಹೊತ್ತಲ್ಲಿ? ಯಾರಿಗೇನಾಯ್ತು?"

ಅವಳು ಹಳೇ ನಂಬರು, ಹೊಸ ನಂಬರು, ಆರು ಜನ, ಕೆಟ್ಟ ಎಂಜಿನ್ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. "ತಪ್ಪು ನಮ್ಮದು ಅಂತ ಹೇಳ್ಲಾ ಸಾರ್?" ಎಂದು ರಿಸೀವರ್ ಮುಚ್ಚಿಕೊಂಡು ಕೇಳಿದಳು. ಅಧಿಕಾರಿ ಹೂಂ ಎಂದು ತಲೆಯಾಡಿಸಿದ. ಹೇಳಿದಳು. ಆಚೆ ಯಾರೋ ಜೋರಾಗಿ ವಾದ ಮಾಡುವುದು ಕೇಳಿಸಿತು, ಆಮೇಲೆ ಅವನು ಮತ್ತೆ ಫೋನಿಗೆ ಬಂದ.

"ಹಗ್ಗ ಕಟ್ಟಿ ಗೆರೆವರೆಗೂ ಎಳ್ಕೊಂಡು ಬರ್ತಾರೆ, ತಂಗಿ. ನಿಮ್ಮ ಬೋಟು ನಿಮ್ಮ ಕಡೇನೇ ಕಾದಿರ್ಲಿ. ಗನ್ನಿಗೆ ಬಟ್ಟೆ ಹೊದಿಸಿರ್ಲಿ."

ಮಧ್ಯಾಹ್ನ ಅವಳ ತಮ್ಮ ದೋಣಿಯಿಂದ ದಡಕ್ಕೆ ಹಾರಿದವನೇ, "ಅಕ್ಕಾ, ಆ ನೌಕೆ ನಮ್ಮ ದೊಡ್ಡಾಸ್ಪತ್ರೆಗಿಂತ ಎತ್ತರ ಕಣೇ! ಮೇಲಿಂದ ಹಗ್ಗ ಕಟ್ಟಿ ಕುಡಿಯೋ ನೀರು ಇಳಿಸಿದ್ರು" ಎಂದ. ಅವಳು ಅವನ ಬೆನ್ನಿಗೊಂದು ಗುದ್ದಿ, ಅದೇ ಬೆನ್ನಿಗೆ ಮುಖ ಒತ್ತಿ ಅತ್ತಳು.

ಪಕ್ಕದಲ್ಲಿದ್ದ ಅಧಿಕಾರಿ ಕೆಮ್ಮಿದ. "ಅಷ್ಟು ಎತ್ತರ ಅಂದ್ರೆ ನಮಗೂ ನೌಕೆ ಬೇಕೇ ಬೇಕು, ಮೇಡಂ."

"ಬೇಡ ಅಂದೋರ್ಯಾರು ಸಾರ್? ಧಾರಾಳವಾಗಿ ಕೊಂಡ್ಕೊಳ್ಳಿ. ಫೋನೂ ಇರ್ಲಿ."

"ಹನ್ನೊಂದನೇ ಅಂಶ ತೆಗೀರಿ ಅಂತ ಬರೀತೀನಿ. ಒಪ್ಪೋದು ಬಿಡೋದು ಮೇಲಿನೋರ ಕೈಲಿದೆ" ಎಂದ ಅವನು. ಅಂಗಿಯ ತೋಳು ಮಡಚಿತ್ತು, ಇಸ್ತ್ರಿ ಪೂರ್ತಿ ಕೆಟ್ಟಿತ್ತು.

ಮರುದಿನ ಹತ್ತಕ್ಕೆ ಎರಡು ನಿಮಿಷ ಇರುವಾಗ ಅಧಿಕಾರಿ ಒಂದು ಕುರ್ಚಿ ಎಳೆದುಕೊಂಡು ಫೋನಿನ ಪಕ್ಕ ಕೂತ. ಹೊಸ ಪಟ್ಟಿ ಮೇಜಿನ ಮೇಲಿತ್ತು. ಅದರ ತಲೆಯ ಮೇಲಿದ್ದ 'ಗುಪ್ತ' ಎಂಬ ಮುದ್ರೆಗೆ ಶಾಯಿಯ ಅಡ್ಡಗೆರೆ ಬಿದ್ದಿತ್ತು. ದುಭಾಷಿ ಎಂದಿನ ಚುರುಕಿನಲ್ಲಿ ಓದತೊಡಗಿದಳು. ನಾಲ್ಕು ದೋಣಿ ಮುಗಿಯುವಷ್ಟರಲ್ಲಿ ಆಚೆಯವನು ತಡೆದ.

"ಸ್ವಲ್ಪ ನಿಧಾನ ತಂಗಿ. ಇವತ್ತು ನನ್ನ ಪಕ್ಕ ರಾಜಧಾನಿಯೋರು ಒಬ್ರು ಬಂದು ಕೂತಿದಾರೆ. ಅವರೇ ಬರ್ಕೊಬೇಕಂತೆ."

ಅವಳು ತನ್ನ ಪಕ್ಕಕ್ಕೆ ನೋಡಿದಳು. ಅಧಿಕಾರಿ ಪೆನ್ನು ಹಿಡಿದು, ರಿಸೀವರಿನತ್ತ ಕಿವಿಯಾನಿಸಿ ಬಾಗಿದ್ದ. ಅವಳು ಪಟ್ಟಿಯ ಮೊದಲ ಸಾಲಿನ ಮೇಲೆ ಬೆರಳಿಟ್ಟು, ಒಂದೊಂದೇ ಅಂಕಿ ಬಿಡಿಸಿ, ಮತ್ತೆ ಓದಲು ಶುರು ಮಾಡಿದಳು.