ಟೈಲರನ ಎಡಗಾಲು

ಚಳಿ ಇಳಿಯತೊಡಗಿದ ಕಾಲ, ಬಿಸಿಲು ಹೊಸ್ತಿಲು ಮುಟ್ಟುವ ಹೊತ್ತು. ಟೈಲರನನ್ನು ಮಲಗಿಸಲು ಜಾಗ ಬೇಕೆಂದು ಮಗಳೂ ಅವಳ ಚಿಕ್ಕಪ್ಪನೂ ಹೊಲಿಗೆ ಮಿಷನ್ನನ್ನು ಗೋಡೆಗೆ ಸರಿಸುತ್ತಿದ್ದರು. ಹಿಂದಿನ ಸಂಜೆ ಅದರ ಮುಂದೆಯೇ ಅವನಿಗೆ ಉಸಿರು ಕಟ್ಟಿ ಜೀವ ಹೋಗಿತ್ತು. ಮೋಟಾರು ಬಂದಾಗಿನಿಂದ ಬೆಲ್ಟು ಕಳಚಿದ್ದ ಪೆಡಲಿನ ಮೇಲೆ ಧೂಳು ದಪ್ಪಗೆ ಕೂತಿತ್ತು. ಸರಿಸುವಾಗ ಅದು ಕಟಕ್ ಎಂದಿತು.

"ಅಣ್ಣ ಬೈತಿದಾನೆ ನೋಡು, ಮಿಷನ್ ಮುಟ್ಟಿದ್ದಕ್ಕೆ," ಎಂದ ಚಿಕ್ಕಪ್ಪ. ಯಾರೂ ನಗಲಿಲ್ಲ.

ಪಕ್ಕದ ಮನೆಯ ನರ್ಸು ಬಂದಳು. ಮಗಳು ಅವಳ ಕೈ ಹಿಡಿದಳು.

"ಅಕ್ಕ, ನಿಜ ಹೇಳಿ. ಮೋಟಾರು ಹಾಕ್ಸಿದ್ದು ನಾನು. ಅಪ್ಪ ದಿನವಿಡೀ ಕಾಲಾಡಿಸದೆ ಕೂತ್ರು. ನನ್ನಿಂದಾನೇ ಆಯ್ತಾ?"

"ರಕ್ತದ ಪರೀಕ್ಷೇಲಿ ಡಿ-ಡೈಮರ್ ಜಾಸ್ತಿ ಬಂದಿತ್ತಲ್ವಾ? ಒಳಗೆಲ್ಲೋ ರಕ್ತ ಹೆಪ್ಪುಗಟ್ಟಿ ಕರಗ್ತಿರಬಹುದು ಅನ್ನೋದಷ್ಟೇ ಅದರ ಅರ್ಥ. ಎಲ್ಲಿ, ಯಾಕೆ, ಅದು ಹೇಳಲ್ಲಮ್ಮ. ಗಾಯಕ್ಕೂ ಏರತ್ತೆ, ಸೋಂಕಿಗೂ ಏರತ್ತೆ, ವಯಸ್ಸಿಗೂ ಏರತ್ತೆ. ಕಾಲಲ್ಲಿ ಕಟ್ಟಿದ ಹೆಪ್ಪು ಶ್ವಾಸಕೋಶಕ್ಕೆ ಹೋದ್ರೆ ಉಸಿರೇ ನಿಲ್ಲತ್ತೆ, ಅದಕ್ಕೇ ಕಾಲಿನ ಸ್ಕ್ಯಾನ್ ಮಾಡ್ಸಿ ಅಂದಿದ್ದು."

"ಮಾಡ್ಸಲಿಲ್ಲ."

*

ರಿಪೋರ್ಟು ಬಂದ ದಿನ ಟೈಲರ್ ಎಡಗಾಲನ್ನು ಸ್ಟೂಲಿನ ಮೇಲಿಟ್ಟು ಕೋಟಿನ ತೋಳಿಗೆ ಕಚ್ಚಾ ಹೊಲಿಗೆ ಹಾಕುತ್ತಿದ್ದ. ಕಾಲು ಬಾತು ಹೊಳೆಯುತ್ತಿತ್ತು.

"ಅಪ್ಪ, ಜಾಸ್ತಿ ಅಂತ ಬಂದಿದೆ."

"ಜಾಸ್ತಿ ತಾನೆ? ಕಮ್ಮಿ ಆದ್ರೆ ಕಷ್ಟ. ಜಾಸ್ತಿ ಇದ್ರೆ ಕತ್ತರಿಸಬೋದು. ಜೀವಮಾನವೆಲ್ಲಾ ಒಳಗೆ ಬಟ್ಟೆ ಜಾಸ್ತಿ ಬಿಟ್ಟೇ ಹೊಲ್ದಿದೀನಿ, ಯಾರೂ ಸತ್ತಿಲ್ಲ."

ಮಗಳೂ ನಕ್ಕುಬಿಟ್ಟಳು.

"ಈ ಕೋಟು ಮುಗೀಲಿ, ಸ್ಕ್ಯಾನಿಗೆ ಹೋಗೋಣ." ಅವನು ಸೂಜಿ ನಿಲ್ಲಿಸಿ ಕಾಲನ್ನೇ ನೋಡಿದ. "ಒಂದು ವಿಚಿತ್ರ ಕಣೆ. ನಾನು ಮಲಗಿದ್ರೂ ಇದು ತುಳೀತಾನೇ ಇರತ್ತೆ."

*

ಹೆಣ ಎತ್ತುವಾಗ ಹಿಂದಿನಿಂದ ಕಟಕ್ ಎಂದಿತು. ಸ್ವಲ್ಪ ತಡೆದು ಮತ್ತೆ, ಕಟಕ್.

"ಗಾಳಿ, ಪುಟ್ಟಿ. ನಡಿ," ಎಂದ ಚಿಕ್ಕಪ್ಪ, ತಿರುಗಿ ನೋಡದೆ.

ಕಿಟಕಿ ಮುಚ್ಚಿತ್ತು. ಒಂದೇ ತೋಳಿನ ಕೋಟು ಮೊಳೆಯಲ್ಲಿ ಅಲುಗದೆ ನೇತಾಡುತ್ತಿತ್ತು.

ಬಾಗಿಲೆಳೆಯುವ ಮುನ್ನ ಮಗಳು ಬಗ್ಗಿ ನೋಡಿದಳು. ಬೆಲ್ಟಿಲ್ಲದ ಪೆಡಲು ಮೆಲ್ಲಗೆ ಮೇಲೇಳುತ್ತಿತ್ತು, ಇಳಿಯುತ್ತಿತ್ತು. ಬೆಳಿಗ್ಗೆ ಹಾಸಿದಂತಿದ್ದ ಧೂಳಿನ ನಡುವೆ ಬರಿಗಾಲಿನ ಗುರುತು: ಎಡಗಾಲಿನದು, ಬೆರಳುಗಳು ಬಾತು ಒಂದಕ್ಕೊಂದು ಅಂಟಿದ್ದು.

ಹೀಗೆ ಆ ಮಂಗಳವಾರ ಇಳಿಹೊತ್ತಿಗೆ ಟೈಲರ್ ಚಟ್ಟದ ಮೇಲೆ ಮನೆಯಿಂದ ಹೊರಟ. ಮಗಳು ಬಾಗಿಲಿಗೆ ಬೀಗ ಹಾಕದೆ ಹಿಂದೆ ನಡೆದಳು.