ಮಲಗಿಸ್ತೇನಿ ಅಂದ ಮಾತು

ಶಾಂತಲಿಂಗಪ್ಪ ಸಾವಕಾರನ ನಾಲಿಗೆಯ ಬಗ್ಗೆ ಅಫಜಲಪುರದ ಅಡತಿ ಅಂಗಡಿಗಳಲ್ಲಿ ಈಗಲೂ ಮಾತಾಡುತ್ತಾರೆ. ತೊಗರಿಯ ರಾಶಿಯ ಮುಂದೆ ನಿಂತು ಆತ ಬಾಯಿ ತೆಗೆದನೆಂದರೆ ಎದುರಿನವನು ಹಣೆಯ ಬೆವರು ಒರೆಸಿಕೊಳ್ಳಬೇಕು. ಊರಲ್ಲಿ ಬದುವಿನ ಜಗಳವಿರಲಿ, ಗಂಡ ಹೆಂಡಿರ ಜಗಳವಿರಲಿ, ಸಾವಕಾರ ಬಾರದೆ ಪಂಚಾಯ್ತಿ ಕೂಡುತ್ತಿರಲಿಲ್ಲ. ಅಂಥ ಮನುಷ್ಯ ಎಪ್ಪತ್ತರ ಹತ್ತಿರ ಬಂದಾಗ ಆಡಬೇಕಾಗಿದ್ದ ಮಾತು ಒಂದೇ ಒಂದು. ಅದೂ ಸ್ವಂತ ಮನೆಯ ಪಡಸಾಲೆಯಲ್ಲಿ, ಸ್ವಂತ ಮಂದಿಯ ಮುಂದೆ. ಆ ಮಾತು ಆತನ ಬಾಯಿಂದ ಹೊರಡಲಿಲ್ಲ. ಹೀಗಳೆಯಲೆಂದು ಹೇಳುತ್ತಿಲ್ಲ, ಆ ಜಾಗದಲ್ಲಿ ನಮ್ಮಲ್ಲಿ ಎಷ್ಟು ಮಂದಿ ಬಾಯಿ ಬಿಡುತ್ತಿದ್ದೆವೋ ನಮನಮಗೇ ಗೊತ್ತು.

ಮಾತು ಆತನ ಹೆಂಡತಿ ಕಸ್ತೂರಿಬಾಯಿಯದು. ಆರು ವರ್ಷದ ಹಿಂದೆ ಸೊಲ್ಲಾಪುರದಲ್ಲಿ ಆಕೆಗೆ ಗರ್ಭಕೋಶದ ಆಪರೇಷನ್ ಆಯಿತು. ಗಂಟು ಕ್ಯಾನ್ಸರಿನದು. ಆ ದಿನವಿಡೀ ನೀರು ಕೊಡುವಂತಿರಲಿಲ್ಲ. "ನೀರು, ನೀರು" ಎಂದು ಆಕೆ ಅತ್ತರೆ ಡಾಕ್ಟರೂ ಕೊಡಲಿಲ್ಲ, ಗಂಡನೂ ಕೊಡಲಿಲ್ಲ. ವಾರ್ಡಿನ ಆಯಾ ಸುಂದರಬಾಯಿ, ಆಳಂದದ ಕಡೆಯ ಕ್ರೈಸ್ತರ ಹೆಣ್ಣುಮಗಳು, ಒದ್ದೆ ಹತ್ತಿಯಿಂದ ಆಕೆಯ ತುಟಿ ಒರೆಸುತ್ತ, "ನಮ್ಮ ಸ್ವಾಮಿಗೂ ಶಿಲುಬಿ ಮ್ಯಾಲ ಹಿಂಗೇ ನೀರಡಿಕಿ ಆಗಿತ್ರಿ ಅಕ್ಕಾರೆ" ಅಂದಳು. ಅಷ್ಟೇ ಅಂದದ್ದು. ರೋಗ ವಾಸಿ ಮಾಡುತ್ತಾನೆ ಎನ್ನಲಿಲ್ಲ, ಪವಾಡ ಹೇಳಲಿಲ್ಲ. ನೀರಡಿಸಿದ ದೇವರೊಬ್ಬ ಇದ್ದಾನೆಂಬುದು ಕಸ್ತೂರಿಬಾಯಿಯ ಎದೆಯೊಳಗೆ ಹೋಗಿ ಕೂತಿತು, ಮತ್ತೆ ಏಳಲಿಲ್ಲ.

ಸುಂದರಬಾಯಿ ನೌಕರಿ ಬಿಟ್ಟು ಆಳಂದಕ್ಕೆ ಮರಳಿದ ಮೇಲೆ ಶುಕ್ರವಾರಕ್ಕೊಮ್ಮೆ ಎರಡು ಬಸ್ಸು ಬದಲಿಸಿ ಬರತೊಡಗಿದಳು. ಕಸ್ತೂರಿಬಾಯಿಯ ಮೊಣಕಾಲಿಗೆ ಎಣ್ಣೆ ತಿಕ್ಕುವವಳು ಎಂದು ಮನೆಯವರ ತಿಳುವಳಿಕೆ. ತಿಕ್ಕುತ್ತಿದ್ದದ್ದೂ ಸುಳ್ಳಲ್ಲ. ತಿಕ್ಕುತ್ತ ಇಬ್ಬರೂ ಪಿಸುಮಾತಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದದ್ದು ಮಾತ್ರ ಶಾಂತಲಿಂಗಪ್ಪನೊಬ್ಬನಿಗೆ ಗೊತ್ತಿತ್ತು. ಕಂಡೂ ಕಾಣದಂತೆ ಇದ್ದುಬಿಟ್ಟ. ಆಕೆಯ ಕೊರಳಿನ ಲಿಂಗ ಕೊರಳಲ್ಲೇ ಇತ್ತು, ಹಣೆಯ ವಿಭೂತಿ ಹಣೆಯಲ್ಲೇ ಇತ್ತು, ಇನ್ನೇನು ಬೇಕು ಎಂದು ಆತನ ಲೆಕ್ಕಾಚಾರ.

ಈ ವರ್ಷ ಹೋಳಿ ಹುಣ್ಣಿಮೆ ಕಳೆದ ಮೇಲೆ ರೋಗ ತಿರುಗಿ ಬಂತು. ಈ ಸಲ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿರಿ ಎಂದರು. ಒಂದು ಮಧ್ಯಾಹ್ನ ಆಕೆಯ ಹಾಸಿಗೆಯ ಪಕ್ಕ ಕೂತು, ಸಂಕಟ ತಡೆಯಲಾರದೆ, ಶಾಂತಲಿಂಗಪ್ಪ ಕೆಣಕಿದ.

"ನಿನ್ನ ದೇವರಿಗೆ ಕಟ್ಟಿಗಿ ಮ್ಯಾಲಿಂದ ತಾನಾ ಇಳೀಲಿಕ್ಕ ಆಗಲಿಲ್ಲ. ನಿನ್ನೇನು ಉಳಸ್ತಾನ?"

"ಇಳೀಬಹುದಿತ್ತರಿ," ಅಂದಳು ಕಸ್ತೂರಿಬಾಯಿ. "ಕೆಳಗ ನಿಂತ ಮಂದೀನೂ ಅದನ್ನೇ ಅಂತಿದ್ರಂತ, ಇಳದ ಬಾ ನೋಡೋಣು ಅಂತ. ಇಳದಿದ್ರ ಆಂವ ಒಬ್ಬನೇ ಉಳೀತಿದ್ದ. ಸಾಯಾವರ ಸಂಗಾಟ ಯಾರು ಇರ್ತಿದ್ರು?"

"ನಿತ್ಯಜೀವ ಅಂತಾಳ ಆ ಸುಂದರಬಾಯಿ. ನೀ ನೋಡಿದ್ರ ದಿನಾ ಕರಗಾಕತ್ತಿ."

"ಸಾವು ತಪ್ಪತದ ಅಂತ ಅಲ್ಲರಿ ಅದು. ಸಾಯ್ತೇನಿ. ಸತ್ತ ಮ್ಯಾಲೂ ಆಂವ ಕೈ ಬಿಡಂಗಿಲ್ಲ. ಒಂದಿನ ಹೆಸರು ಹಿಡದು ಕರದು ಎಬ್ಬಸ್ತಾನ. ನನಗ ಅಷ್ಟೇ ಗೊತ್ತು." ಸ್ವಲ್ಪ ಉಸಿರು ತಗೊಂಡು ಮತ್ತೆ ಅಂದಳು: "ಅದಕ್ಕ ನಿಮಗ ಒಂದು ಕೇಳ್ತೇನಿ. ನನ್ನ ಕುಂದ್ರಸಬ್ಯಾಡ್ರಿ. ಮಲಗಿಸಿ ಮಣ್ಣ ಕೊಡ್ರಿ."

ಯಾರಾದರೂ ಕೇಳಿಸಿಕೊಂಡರೇನೋ ಎಂದು ಶಾಂತಲಿಂಗಪ್ಪ ಬಾಗಿಲ ಕಡೆ ನೋಡಿದ. ಲಿಂಗವಂತರಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು. ಮೈ ಬೆಚ್ಚಗಿರುವಾಗಲೇ ಕಾಲು ಮಡಚಿ ಚಕ್ಕಳಮಕ್ಕಳ ಹಾಕಿ, ಗೋಡೆಗೆ ಆನಿಸಿ, ಎಡಗೈಯಲ್ಲಿ ಲಿಂಗವಿಟ್ಟು, ಪೂಜೆಗೆ ಕೂತ ಹಾಗೆಯೇ ಸಮಾಧಿಯ ಗೂಡಿನೊಳಗೆ ಇಳಿಸುವುದು. ಆತನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲ ಹೊಲದಲ್ಲಿ ಹಾಗೇ ಕೂತಿದ್ದಾರೆ.

"ಕುಂತಾವರು ಮುಟ್ಟಿದಾವರ್ರಿ, ದೇವರಾಗ ಕೂಡಿ ಹೋದಾವರು," ಅಂದಳು ಆಕೆ. "ನಾ ಇನ್ನಾ ಮುಟ್ಟಿಲ್ಲ. ನಾ ಕಾಯಾಕಿ. ಪಾದ್ರಿ ಬ್ಯಾಡ, ಶಿಲುಬಿ ಬ್ಯಾಡ. ನಮ್ಮಪ್ಪ ಕಟ್ಟಿಸಿದ ಲಿಂಗ ಕೊರಳಾಗೇ ಇರಲಿ. ಅಯ್ಯನವರು ಬಂದು ಮಂತ್ರ ಅನ್ನಲಿ. ಕಾಲು ಅಷ್ಟ ಚಾಚಿ ಬಿಡ್ರಿ. ಇದು ಆಕೀ ಮಾತು ಅಂತ ಮಂದೀಗೆ ನೀವಾ ಹೇಳಬೇಕು. ನಿಮ್ಮ ಮಾತು ಯಾರೂ ತಗದು ಹಾಕಂಗಿಲ್ಲ."

ಸಾಯುವವಳ ಕಣ್ಣು ನೋಡಿ ಇಲ್ಲ ಅನ್ನುವ ಗಂಡಸು ಎಲ್ಲಿದ್ದಾನೆ? ಶಾಂತಲಿಂಗಪ್ಪ ತನ್ನ ಕೊರಳಿನ ಲಿಂಗ ಮುಟ್ಟಿಕೊಂಡು ಆಣೆ ಮಾಡಿದ. "ಲಿಂಗದ ಆಣಿ ಅದ ಕಸ್ತೂರಿ. ಮಲಗಿಸ್ತೇನಿ."

ಮೇ ತಿಂಗಳ ಒಂದು ಸೋಮವಾರ. ಮಗ ಶಿವಪ್ರಕಾಶ, ಸೊಸೆ ಸಪ್ನಾಳನ್ನು ಕರೆದುಕೊಂಡು ಅತನೂರಿಗೆ ನೆಂಟರ ಮದುವೆಗೆ ಹೋಗಿದ್ದ. ಅವ್ವ ನಾಲ್ಕು ದಿನದಿಂದ ಸ್ವಲ್ಪ ಗೆಲುವಾಗಿದ್ದಾಳೆ, ಅಕ್ಕಿಕಾಳು ಹಾಕಿ ಸಂಜೆಗೆ ಬಂದುಬಿಡುತ್ತೇವೆ ಎಂದು ಹೋದದ್ದು. ಮಧ್ಯಾಹ್ನ ಒಂದು ಗಂಟೆಗೆ, ಗಂಡನ ಕೈ ಹಿಡಿದುಕೊಂಡೇ ಕಸ್ತೂರಿಬಾಯಿ ಪ್ರಾಣ ಬಿಟ್ಟಳು.

ಆಗಲೇ ಶಾಂತಲಿಂಗಪ್ಪ ಹೊರಗೆ ಬಂದು ನಾಲ್ಕು ಮಂದಿಯನ್ನು ಕರೆಯಬೇಕಿತ್ತು. ಕರೆದು, ಹೀಗ್ಹೀಗೆ ಆಕೆ ಹೇಳಿಹೋಗಿದ್ದಾಳೆ, ಯಾರೂ ಅಡ್ಡ ಬರಬೇಡಿರಿ ಅನ್ನಬೇಕಿತ್ತು. ಕದದ ತನಕ ಹೋದ. ಅಲ್ಲಿ ಕಾಲು ನಿಂತವು. ಹೆಂಡತಿ ಕ್ರಿಸ್ತನನ್ನು ನಂಬಿದ್ದಳು ಎಂದು ಹೇಗೆ ಹೇಳುವುದು? ಆರು ವರ್ಷ ನಿನಗೆ ಗೊತ್ತಿತ್ತೇನು ಎಂದರೆ ಏನನ್ನುವುದು? ನಾಳೆ ಮಗನ ಮುಖ, ಬೀಗರ ಮುಖ, ಅಡತಿಯ ಮಂದಿಯ ಮುಖ ಹೇಗೆ ನೋಡುವುದು? ಹೀಗೆ ನಿಂತಿರುವಾಗಲೇ ವ್ಯಾಪಾರಿಯ ತಲೆಗೆ ಒಂದು ಉಪಾಯ ಹೊಳೆಯಿತು. ಹಾಳು ಉಪಾಯ ಅದು. ಮೈ ಸೆಟೆದ ಮೇಲೆ ಕಾಲು ಮಡಚಲು ಬರುವುದಿಲ್ಲ. ಮಡಚಲು ಬಾರದಿದ್ದರೆ ಅವರೇ ಮಲಗಿಸುತ್ತಾರೆ. ತಾನು ಬಾಯಿ ಬಿಡುವ ಕೆಲಸವೇ ಇಲ್ಲ.

ಆತ ಆಕೆಯ ಎರಡೂ ಕಾಲುಗಳನ್ನು ನೀಟಾಗಿ ಚಾಚಿದ. ಕಾಲ್ಬೆರಳು ಕೂಡಿಸಿ ದಾರ ಕಟ್ಟಿದ. ಚಾದರ ಹೊದಿಸಿದ. ಒಳಗಿನಿಂದ ಚಿಲಕ ಹಾಕಿ ಕೂತುಕೊಂಡ.

ಹೊರಗೆ ಬೆಂಕಿಯಂಥ ಬಿಸಿಲು. ಮೂರು ಗಂಟೆಯ ಸುಮಾರಿಗೆ ಪಕ್ಕದ ಮನೆಯ ನಿಂಬೆವ್ವ ಕಿಟಕಿಯ ಹತ್ತಿರ ಬಂದು, "ಅಕ್ಕಾರು ಹ್ಯಾಂಗ ಅದಾರ್ರಿ ಸಾವಕಾರ್ರೆ?" ಎಂದು ಕೇಳಿದಳು. "ಮಲಗ್ಯಾಳವ್ವಾ" ಅಂದ. ಸುಳ್ಳೇನು ಹೇಳಲಿಲ್ಲವಲ್ಲ ಎಂದು, ಹೆಣದ ಮುಂದೆ ಕೂತ ಆ ಹೊತ್ತಿನಲ್ಲೂ, ತನ್ನ ಜಾಣತನಕ್ಕೆ ತಾನೇ ಕೊಂಚ ಮೆಚ್ಚಿಕೊಂಡ. ಆಮೇಲೆ ಅತ್ತ. ಆಕೆಯ ಕೈ ಮುಟ್ಟಿ ನೋಡುವನು, ಅಳುವನು. ಐದು ಗಂಟೆಗೆ ಕೈ ಎತ್ತಿದರೆ ಏಳಲಿಲ್ಲ. ಆತನಿಗೆ ಎಷ್ಟೋ ಸಮಾಧಾನವಾಯಿತು.

ದೀಪ ಹಚ್ಚುವ ಹೊತ್ತಿಗೆ ಮಗ ಸೊಸೆ ಬಂದರು. ಶಿವಪ್ರಕಾಶ ಅವ್ವನ ಮೇಲೆ ಬಿದ್ದು ಗೋಳಾಡಿದ. ಓಣಿ ಕೂಡಿತು. ಶಾಂತಲಿಂಗಪ್ಪನ ದೊಡ್ಡಪ್ಪನ ಮಗ ಜಗದೇವಪ್ಪ ಕೋಲೂರಿಕೊಂಡು ಬಂದ. ಮನೆತನಕ್ಕೆಲ್ಲ ಹಿರಿಯ. ಊರಿನ ಅರ್ಧ ಮಂದಿಯನ್ನು ಸಮಾಧಿಯಲ್ಲಿ ಕೂರಿಸಿದ ಕೈ ಆತನದು. ಚಾದರ ಸರಿಸಿ ಕಾಲು ಮುಟ್ಟಿದವನೇ ಹುಬ್ಬು ಗಂಟಿಕ್ಕಿದ.

"ಯಾವಾಗ ಹೋದ್ಳು ಶಾಂತಾ?"

"ಈಗ... ಸಂಜಿ ಮುಂದ."

"ಸಂಜಿ ಮುಂದ ಹೋದಾಕಿ ಹಿಂಗ ಸೆಟದಾಳೇನು? ಇರಲಿ, ಬಿಸಲು ಭಾಳ ಅದ. ಏನಾರ ಹೇಳಿ ಹೋದ್ಳೇನು?"

ಎಲ್ಲರೂ ಶಾಂತಲಿಂಗಪ್ಪನ ಮುಖ ನೋಡಿದರು. ಇದಕ್ಕಿಂತ ಒಳ್ಳೆಯ ಸಮಯ ದೇವರೇ ಬಂದರೂ ಒದಗಿಸಿಕೊಡಲಾರ.

"ಇಲ್ಲ," ಅಂದ ಶಾಂತಲಿಂಗಪ್ಪ.

ಆಮೇಲೆ, ಯಾರಿಗೂ ಅಲ್ಲ ಎಂಬಂತೆ, "ಸೆಟದು ಹೋಗ್ಯಾಳ. ಹಿಂಗೇ ಇಟ್ರ..." ಅಂದ.

"ಏನಂದಿ?"

"ಏನಿಲ್ಲಣ್ಣ."

"ಹಿಂಗ್ಯಾಕ ಇಡ್ತಾರಲೇ?" ಜಗದೇವಪ್ಪನ ದನಿ ಒಡೆಯಿತು. "ಈ ಮನೀಗೆ ದೀಪ ಹಚ್ಚಿದಾಕಿ. ದಿಕ್ಕಿಲ್ಲದಾವರನ್ನ ಚೆಲ್ಲಿದಂಗ ಚೆಲ್ಲಿ ಬರಬೇಕೇನು? ಸಪ್ನಾ, ನೀರು ಕಾಸವ್ವಾ."

ಜಗದೇವಪ್ಪ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕತೆ ಹೇಳುವುದು ನನಗೂ ಹಗುರಾಗುತ್ತಿತ್ತು. ತಮ್ಮನ ಹೆಂಡತಿಯ ಮೇಲಿನ ಮರ್ಯಾದೆಗೇ ಆತ ಆ ವಯಸ್ಸಿನಲ್ಲಿ ಮಂಡಿಯೂರಿ ಕೂತ. ಮೊಣಕಾಲಿನ ಮೇಲೆ ಬಿಸಿನೀರು ಸುರಿದ, ಔಡಲೆಣ್ಣೆ ಹಚ್ಚಿ ಉಜ್ಜಿದ. ಕಾಲು ಮಣಿಯಲಿಲ್ಲ. ಇನ್ನಷ್ಟು ನೀರು, ಇನ್ನಷ್ಟು ಎಣ್ಣೆ. ಕಡೆಗೆ ಇಬ್ಬರನ್ನು ಕರೆದು ಸೊಂಟ ಹಿಡಿಸಿದ.

"ಶಾಂತಾ, ನೀ ಹಿಂದ ಬಾ. ಹೆಗಲು ಗಟ್ಟಿ ಹಿಡಿ. ಹಿಂದಕ ಬೀಳಬಾರದು."

ಶಾಂತಲಿಂಗಪ್ಪ ಹಿಂದೆ ಹೋದ. ಹೆಗಲು ಹಿಡಿದ. ಹೇಳು, ಈಗ ಹೇಳು ಎಂದು ಒಳಗೆ ಯಾರೋ ಗುದ್ದುತ್ತಿದ್ದರು. ಕ್ರಿಸ್ತನನ್ನು ಶಿಲುಬೆಗೆ ಹಾಕಿದ ದಿನ ಹೊತ್ತು ಮುಳುಗುವುದರೊಳಗೆ ಮುಗಿಸಬೇಕೆಂದು ಸಿಪಾಯಿಗಳು ಆಚೀಚೆಯ ಇಬ್ಬರು ಕಳ್ಳರ ಕಾಲು ಮುರಿದರೆಂದು ಕಸ್ತೂರಿ ಒಮ್ಮೆ ಹೇಳಿದ್ದಳು. ಆಕೆಯ ಸ್ವಾಮಿಯದು ಮಾತ್ರ ಮುರಿಯಲಿಲ್ಲವಂತೆ, ಆತ ಆಗಲೇ ಪ್ರಾಣ ಬಿಟ್ಟಿದ್ದನಂತೆ. ಸತ್ತವರ ಎಲುಬಿಗೆ ಆ ಸಿಪಾಯಿಗಳೂ ಕೈ ಹಾಕಿರಲಿಲ್ಲ.

ಜಗದೇವಪ್ಪ "ತಪ್ಪಾತವ್ವಾ, ತಪ್ಪಾತು" ಎಂದು ಹೆಣಕ್ಕೆ ಕೈ ಮುಗಿದು, ಮೊಣಕಾಲಿನ ಮೇಲೆ ಮೈಭಾರ ಹಾಕಿದ. ತೊಗರಿ ಕಟ್ಟಿಗೆ ಮುರಿದಂಥ ಸಪ್ಪಳ ಬಂತು. ಶಿವಪ್ರಕಾಶ ಗೋಡೆಯ ಕಡೆ ತಿರುಗಿದ. ಸ್ವಲ್ಪ ಹೊತ್ತಿಗೆ ಇನ್ನೊಂದು ಸಪ್ಪಳ. ಆ ಎರಡನೆಯದು ಶಾಂತಲಿಂಗಪ್ಪನ ಅಂಗೈವರೆಗೆ, ಆಕೆಯ ಹೆಗಲಿನಿಂದ ಇಳಿದು ಬಂತು. ಆತ ಹೆಗಲು ಬಿಡಲಿಲ್ಲ.

ಮರುದಿನ ಮಧ್ಯಾಹ್ನ ಭಜನೆಯ ಮೇಳದೊಡನೆ ಮೆರವಣಿಗೆ ಹೊರಟಿತು. ಅಯ್ಯನವರು ಬಂದು ಮಾಡುವುದನ್ನೆಲ್ಲ ಲೋಪವಿಲ್ಲದೆ ಮಾಡಿದರು. ಕಸ್ತೂರಿಬಾಯಿ ಮಾವನ ಸಮಾಧಿಯ ಪಕ್ಕದಲ್ಲಿ, ಪತ್ರಿ ವಿಭೂತಿಗಳ ನಡುವೆ ಕೂತಳು. ಊರ ಮಂದಿ ಪುಣ್ಯವಂತೆ ಅಂದರು.

ಶುಕ್ರವಾರ ಸುಂದರಬಾಯಿ ಬಂದಳು. ಆಕೆಗೆ ಸುದ್ದಿ ಮುಟ್ಟಿಸುವವರು ಯಾರಿದ್ದರು? ಚೀಲದಲ್ಲಿ ಎಣ್ಣೆ ಬಾಟಲಿ ಹಿಡಿದುಕೊಂಡೇ ಬಂದವಳು, ಕಟ್ಟೆಯ ಮೇಲೆ ಒಬ್ಬನೇ ಕೂತ ಸಾವಕಾರನನ್ನೂ, ಬಾಗಿಲ ಆಚೆ ಸುತ್ತಿಟ್ಟ ಕಸ್ತೂರಿಬಾಯಿಯ ಹಾಸಿಗೆಯನ್ನೂ ಕಂಡು ಅಲ್ಲೇ ಕುಸಿದಳು. ಬಹಳ ಹೊತ್ತು ಅತ್ತಳು. ಹೇಗೆ ಮಣ್ಣು ಕೊಟ್ಟಿರಿ ಎಂದು ಕೇಳುತ್ತಾಳೆ, ಈಗ ಕೇಳುತ್ತಾಳೆ ಎಂದು ಶಾಂತಲಿಂಗಪ್ಪ ಕಾದ. ಆಕೆ ಕೇಳಲಿಲ್ಲ. ಕಡೆಗೆ ತಾನೇ ಅಂದ:

"ಕುಂದ್ರಸಿದ್ವಿ."

"ಗೊತ್ತಿತ್ರಿ," ಅಂದಳು ಸುಂದರಬಾಯಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಹೋದ ವಾರ ಅಕ್ಕಾರು ಹೇಳಿದ್ರು. ಸಾವಕಾರ್ರ ಕೈಲೆ ಆಗಂಗಿಲ್ಲ ಸುಂದರಾ, ಮಂದೀಗೆ ಅಂಜತಾರ, ಸುಮ್ಮನ ಭಾರ ಹೊರಿಸಿದೆ ಅಂದ್ರು. ಕುಂತಾಕೀನ್ನೂ ಎಬ್ಬಸಲಿಕ್ಕ ಬರ್ತದ ಆಂವಗ, ನೀ ಅವರಿಗೇನೂ ಅನಬ್ಯಾಡ ಅಂದ್ರು."

ಕಸ್ತೂರಿಗೆ ಮೊದಲೇ ತಿಳಿದಿತ್ತು. ತಿಳಿದೂ ಕೈ ಹಿಡಿದುಕೊಂಡು ಸತ್ತಳು.

"ಮೊಳಿ ಹೊಡದಾವರಿಗೂ ಸ್ವಾಮಿ ಹಂಗೇ ಅಂದಾನ್ರಿ," ಸುಂದರಬಾಯಿ ಸಮಾಧಾನ ಹೇಳಿದಳು. "ಇವರಿಗೆ ತಾವೇನು ಮಾಡಾಕತ್ತೀವಿ ಅಂತ ಗೊತ್ತಿಲ್ಲ, ಕ್ಷಮಾ ಮಾಡು ಅಂತ. ನಿಮ್ಮ ಮನಿ ಮಂದೀಗೆ ತಾನೇ ಏನು ಗೊತ್ತಿತ್ರಿ, ಪಾಪ."

"ಅವರಿಗೆ ಗೊತ್ತಿರಲಿಲ್ಲ," ಅಂದ ಶಾಂತಲಿಂಗಪ್ಪ. "ನನಗ ಗೊತ್ತಿತ್ತು."

ಸುಂದರಬಾಯಿ ಆತನ ಮುಖ ನೋಡಿದಳು.

"ಕಾಲು ಮುರದ್ರು ಸುಂದರಬಾಯಿ. ನನ್ನ ಮುಂದ ಮುರದ್ರು. ಗೊತ್ತಿದ್ದು ನಿಂತಾವನಿಗೆ ನಿನ್ನ ಸ್ವಾಮಿ ಏನಂದಾನ? ಅದನ್ನ ಹೇಳು."

ಯಾರ ನೋವಿಗೂ ಒಂದು ಮಾತು ಇಟ್ಟುಕೊಂಡಿದ್ದವಳು ಆಕೆ. ಈಗ ಚೀಲದೊಳಗಿನ ಎಣ್ಣೆ ಬಾಟಲಿಯ ಮುಚ್ಚಳ ಬಿಗಿ ಮಾಡತೊಡಗಿದಳು. ಅಷ್ಟರಲ್ಲಿ ಶಿವಪ್ರಕಾಶ ಒಳಗಿನಿಂದ ಎರಡು ಕಪ್ ಚಹಾ ಹಿಡಿದು ಬಂದ. ಅತ್ತೂ ಅತ್ತೂ ಕಣ್ಣು ಬಾತಿದ್ದವು. ಅವ್ವನ ಕಾಲು ತಿಕ್ಕಿದವಳೆಂದು ಆಕೆಯ ಮುಂದೆ ಕೂತು, ಅಕ್ಕರೆಯಿಂದ ಹೇಳಿದ:

"ನೀವೊಂದು ನೋಡಬೇಕಿತ್ತರಿ ಬಾಯಿ. ಅವ್ವನ್ನ ಏನು ಚಂದ ಕುಂದ್ರಸಿದ್ವಿ ಅಂತೀರಿ, ಪೂಜಾಕ್ಕ ಕುಂತಂಗ ಇದ್ಳು. ಅದೊಂದು ನೆನಸಿದ್ರ ಜೀವಕ್ಕ ತಂಪಾಗ್ತದ. ಅಪ್ಪಾರೇ ಹಿಂದ ಹೆಗಲು ಹಿಡಕೊಂಡಿದ್ರು, ಕಡೀತನಕ ಬಿಡಲಿಲ್ಲ. ಅಲ್ಲೇನಪ್ಪಾ?"

ಸುಂದರಬಾಯಿ ಚಹಾದ ಕಪ್ಪನ್ನು ಕುಡಿಯದೆ ಕಟ್ಟೆಯ ಮೇಲಿಟ್ಟಳು. ಹೇಳಬೇಕೆಂದಿದ್ದ ಮಾತು ಈಗ ಶಾಂತಲಿಂಗಪ್ಪನ ನಾಲಿಗೆಯ ತುದಿಯಲ್ಲೇ ಇತ್ತು. ನಾಲ್ಕು ದಿನ ತಡವಾಗಿ, ಕೇಳದೆಯೇ ಬಂದು ನಿಂತಿತ್ತು. ಆಡಿದರೆ ಮಗನಿಗೂ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಹುಡುಗನ ಜೀವಕ್ಕೆ ತಂಪು ಎಲ್ಲಿಯದು?

"ಹೌದಪಾ," ಅಂದ ಶಾಂತಲಿಂಗಪ್ಪ. "ಚಂದ ಕುಂತಿದ್ಳು ನಿಮ್ಮವ್ವ."